ಇಳಿಗಾಲದ ಬಾಹುಬಲ: ಅಮೆರಿಕದ ಬೇಸ್‌ಬಾಲ್ ವೀರರ ಕಡೆಯ ವರ್ಷಗಳು

ಮಹಾಭಾರತದ ಮೌಸಲಪರ್ವದಲ್ಲಿ ಓದುವವರ ಮನಸ್ಸನ್ನು ಕಲಕುವ ಪ್ರಸಂಗವೊಂದುಂಟು. ಶ್ರೀಕೃಷ್ಣನು ಅವತಾರವನ್ನು ಮುಗಿಸಿದ ಬಳಿಕ ಅರ್ಜುನನು ದ್ವಾರಕೆಯ ಸ್ತ್ರೀಬಾಲವೃದ್ಧರನ್ನು ಕರೆದುಕೊಂಡು ಹೊರಟಿರುತ್ತಾನೆ. ದಾರಿಯಲ್ಲಿ ಆಭೀರರು ದೊಣ್ಣೆಗಳನ್ನು ಹಿಡಿದು ಮೇಲೆ ಬೀಳುತ್ತಾರೆ. ಖಾಂಡವದಹನದಿಂದ ಕುರುಕ್ಷೇತ್ರದವರೆಗೆ ಜಗತ್ತನ್ನೇ ನಡುಗಿಸಿದ ಸವ್ಯಸಾಚಿಗೆ ಅಂದು ಗಾಂಡೀವಕ್ಕೆ ಹೆದೆಯೇರಿಸುವುದೇ ದುಸ್ತರವಾಗುತ್ತದೆ. ದಿವ್ಯಾಸ್ತ್ರಗಳು ನೆನಪಿಗೆ ಬಾರವು. ಅಕ್ಷಯವೆಂದು ಹೆಸರಾದ ಬತ್ತಳಿಕೆಯು ಬರಿದಾಗುತ್ತದೆ. ಕಳ್ಳರು ಆತನ ಕಣ್ಣೆದುರಿಗೇ ಕೊಳ್ಳೆ ಹೊಡೆದುಕೊಂಡು ಹೋಗುತ್ತಾರೆ.

ಪುರಾಣಪುರುಷನಾದ ಅರ್ಜುನನಿಗೆ ತೋಳು, ಅಸ್ತ್ರ, ಸ್ಮೃತಿಗಳೆಲ್ಲವೂ ಒಂದೇ ದಿನ ಕೈಕೊಟ್ಟವು. ಸಾಮಾನ್ಯ ಮಾನವನ ಸ್ಥಿತಿಯು ಹಾಗಲ್ಲ. ಆತನ ಶಕ್ತಿಗಳು ಒಂದೊಂದಾಗಿ, ಬೇರೆ ಬೇರೆ ಕಾಲದಲ್ಲಿ ವಿದಾಯ ಹೇಳುತ್ತವೆ. ಕಾಲಿನ ವೇಗವು ಮೊದಲು ಹೋಗುವುದು. ಕಣ್ಣಿನ ಚುರುಕು ಅದರ ಹಿಂದೆಯೇ ಹೋಗುವುದು. ತೋಳಿನ ಬಲವು ಮಾತ್ರ ಎಲ್ಲವೂ ಹೋದ ಮೇಲೆಯೂ ಕೆಲಕಾಲ ನಿಂತಿರುವುದು. ಈ ಸಂಗತಿಯನ್ನು ಅಂಕೆಸಂಖ್ಯೆಗಳೊಡನೆ ತೋರಿಸಬಲ್ಲ ಚರಿತ್ರೆಗಳು ವಿರಳ. ಅಂತಹವುಗಳಲ್ಲೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಆಟದ ಚರಿತ್ರೆ. ಆಟಗಾರನ ಒಂದೊಂದು ಹೊಡೆತವನ್ನೂ ಬರೆದಿಡುವ ಪದ್ಧತಿಯು ಅಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ನಡೆದು ಬಂದಿರುವುದರಿಂದ, ಒಬ್ಬ ವೀರನು ಹೇಗೆ ಏರಿದನೆಂಬುದರಂತೆಯೇ ಹೇಗೆ ಇಳಿದನೆಂಬುದನ್ನೂ ದಿನದಿನದ ಲೆಕ್ಕದಲ್ಲಿ ಕಾಣಬಹುದಾಗಿದೆ.

ಕ್ರಿಕೆಟ್ ಬಲ್ಲವರಿಗೆ ಈ ಆಟದ ಸ್ಥೂಲರೂಪವು ಸುಲಭವಾಗಿ ತಿಳಿಯುವುದು. ಮೈದಾನದಲ್ಲಿ 90 ಅಡಿ ಬಾಹುವಿನ ಒಂದು ಚೌಕ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದು ನೆಲೆಯ ಬಳಿ ದಾಂಡಿಗನು ಉರುಟಾದ ದಾಂಡನ್ನು ಹಿಡಿದು ನಿಲ್ಲುವನು. 60 ಅಡಿ 6 ಅಂಗುಲ ದೂರದಿಂದ ಎಸೆಗಾರನು ಚೆಂಡನ್ನು ಎಸೆಯುವನು. ಅದು ನೆಲಕ್ಕೆ ತಾಗದೆ ನೇರವಾಗಿ ಬರುವುದು. ಹೊಡೆದ ದಾಂಡಿಗನು ನೆಲೆಯಿಂದ ನೆಲೆಗೆ ಓಡಬೇಕು. ಚೆಂಡು ಮೈದಾನದ ಎಲ್ಲೆಗೋಡೆಯನ್ನು ಹಾರಿ ಆಚೆ ಬಿದ್ದರೆ ಅದು ಹೋಮ್ ರನ್. ಆಗ ಓಟದ ಅವಸರವಿಲ್ಲ, ನಾಲ್ಕು ನೆಲೆಗಳನ್ನೂ ನೆಮ್ಮದಿಯಿಂದ ಸುತ್ತಿ ಬರಬಹುದು. ಎಸೆಗಾರನು ನಾಲ್ಕು ಸಲ ಗುರಿತಪ್ಪಿ ಎಸೆದರೆ ದಾಂಡಿಗನಿಗೆ ಮೊದಲನೆಯ ನೆಲೆಯು ಹೊಡೆಯದೆಯೇ ದೊರೆಯುವುದು. ಇದನ್ನು ಉಚಿತ ನೆಲೆಯೆನ್ನೋಣ. ಒಬ್ಬನ ಯೋಗ್ಯತೆಯನ್ನು ಅಳೆಯುವುದು ಸಾವಿರ ಯತ್ನಗಳಿಗೆ ಎಷ್ಟು ಸಫಲ ಹೊಡೆತಗಳೆಂಬ ಸರಾಸರಿಯಿಂದ. ಸಾವಿರಕ್ಕೆ 300 ಬಂದರೆ ಆತನು ಉತ್ತಮ ದಾಂಡಿಗನು. ಹತ್ತರಲ್ಲಿ ಏಳು ಸಲ ಸೋತವನೂ ಉತ್ತಮನೆನಿಸಿಕೊಳ್ಳುವ ಆಟವಿದು ಎಂಬುದನ್ನು ಮನಸ್ಸಿನಲ್ಲಿಡಬೇಕು.

ಹೋಮ್ ರನ್ನು ಆಟದ ಜೀವವೆನಿಸಿದ್ದು ಬೇಬ್ ರೂತ್ ಎಂಬಾತನಿಂದ. 1895ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಹುಟ್ಟಿ, ತುಂಟ ಹುಡುಗರನ್ನು ತಿದ್ದುವ ಒಂದು ಶಾಲೆಯಲ್ಲಿ ಬೆಳೆದ ಈತನು ಬಾಸ್ಟನ್ ತಂಡದಲ್ಲಿ ಎಸೆಗಾರನಾಗಿ ಹೆಸರಾದನು. 1918ರಲ್ಲಿ ಅಮೆರಿಕನ್ ಲೀಗಿನಲ್ಲಿ ಅತ್ಯಧಿಕ ಹೋಮ್ ರನ್ ಹೊಡೆದವರ ಲೆಕ್ಕವು ವರ್ಷಕ್ಕೆ 11 ಮಾತ್ರ. ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಲ್ಪಟ್ಟ ರೂತನು 1920ರಲ್ಲಿ 54, 1921ರಲ್ಲಿ 59, 1927ರಲ್ಲಿ 60 ಹೋಮ್ ರನ್ನುಗಳನ್ನು ಹೊಡೆದು ಆಟದ ಸ್ವರೂಪವನ್ನೇ ಬದಲಿಸಿದನು.

1934ರ ಹೊತ್ತಿಗೆ ಆತನಿಗೆ 39 ವರ್ಷ. ದೇಹವು ಸ್ಥೂಲವಾಗಿದ್ದಿತು, ಕಾಲುಗಳು ಸೋತಿದ್ದವು. ಆದರೂ ಆ ವರ್ಷ 22 ಹೋಮ್ ರನ್ನುಗಳು ಬಂದವು. ತಂಡದ ನಾಯಕತ್ವವನ್ನು ವಹಿಸಿಕೊಂಡು ಇತರರನ್ನು ಆಡಿಸಬೇಕೆಂಬುದು ಆತನ ಬಯಕೆ. ಯಾಂಕೀಸ್ ತಂಡದವರು ಅದಕ್ಕೆ ಸಮ್ಮತಿಸಲಿಲ್ಲ. ಇದೇ ಸಮಯದಲ್ಲಿ ಬಾಸ್ಟನ್ನಿನ ಬ್ರೇವ್ಸ್ ತಂಡದ ಒಡೆಯನಾದ ಎಮಿಲ್ ಫುಕ್ಸ್ ಎಂಬುವನು ಹಣದ ಮುಗ್ಗಟ್ಟಿಗೆ ಸಿಕ್ಕಿದ್ದನು. ರೂತನ ಹೆಸರನ್ನು ಕೇಳಿದರೆ ಜನ ಬರುವರು, ಜನ ಬಂದರೆ ಹಣ ಬರುವುದು ಎಂಬುದು ಆತನ ಲೆಕ್ಕ. 1935ರ ಫೆಬ್ರವರಿಯಲ್ಲಿ ರೂತನಿಗೆ ಉಪಾಧ್ಯಕ್ಷ, ಸಹಾಯಕ ನಿರ್ವಾಹಕ ಎಂಬ ಎರಡು ಬಿರುದುಗಳನ್ನು ಕೊಟ್ಟು ಬಾಸ್ಟನ್ನಿಗೆ ಕರೆತಂದರು. ಬಿರುದುಗಳಲ್ಲಿ ಅಧಿಕಾರವಿರಲಿಲ್ಲ. ಮುಂದೆಂದಾದರೂ ನಾಯಕತ್ವ ಸಿಕ್ಕೀತೆಂಬ ಆಸೆಯೇ ರೂತನನ್ನು ಅಲ್ಲಿಗೆ ಎಳೆದು ತಂದಿದ್ದಿತು.

ಏಪ್ರಿಲ್ 16ರಂದು ನಡೆದ ಮೊದಲನೆಯ ಪಂದ್ಯದಲ್ಲಿ ಎದುರಿಗಿದ್ದವನು ಕಾರ್ಲ್ ಹಬ್ಬೆಲ್, ಆ ಕಾಲದ ಎಡಗೈ ಎಸೆಗಾರರಲ್ಲಿ ಅಗ್ರಗಣ್ಯನು. ಹಿಂದಿನ ವರ್ಷದ ಮಹಾಪಂದ್ಯದಲ್ಲಿ ರೂತನೇ ಮೊದಲಾಗಿ ಐವರು ಪ್ರಸಿದ್ಧ ದಾಂಡಿಗರನ್ನು ಒಬ್ಬರ ಹಿಂದೊಬ್ಬರಂತೆ ಕೆಡವಿದವನು ಇವನೇ. ಅಂತಹವನ ಎಸೆತವನ್ನು ರೂತನು ಎಲ್ಲೆಗೋಡೆಯಾಚೆಗೆ ಅಟ್ಟಿದನು. ಬಾಸ್ಟನ್ನಿನ ಜನರು ಹಳೆಯ ರೂತನೇ ಮರಳಿ ಬಂದನೆಂದು ಸಂಭ್ರಮಿಸಿದರು. ಆದರೆ ಮುಂದಿನ ವಾರಗಳಲ್ಲಿ ಚೆಂಡುಗಳು ದಾಂಡಿಗೆ ಸಿಕ್ಕದೆ ಹೋಗತೊಡಗಿದವು. ಮೈದಾನದಲ್ಲಿ ತನ್ನ ಪಾಲಿಗೆ ಬಂದ ಚೆಂಡನ್ನು ಓಡಿ ಹಿಡಿಯಲು ಆತನಿಂದ ಆಗುತ್ತಿರಲಿಲ್ಲ.

ಹೀಗಿರಲು 1935ರ ಮೇ 25ನೆಯ ತಾರೀಖು ಪಿಟ್ಸ್‌ಬರ್ಗ್ ನಗರದ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಒಂದು ಪಂದ್ಯವಾಯಿತು. ರೂತನು ಆ ದಿನ ನಾಲ್ಕು ಸಲ ಹೊಡೆದನು, ನಾಲ್ಕೂ ಸಫಲ. ಅವುಗಳಲ್ಲಿ ಮೂರು ಹೋಮ್ ರನ್ನುಗಳು. ಒಂದು ರೆಡ್ ಲ್ಯೂಕಸ್ ಎಂಬುವನ ಎಸೆತದಲ್ಲಿ, ಉಳಿದೆರಡು ಗೈ ಬುಷ್ ಎಂಬುವನ ಎಸೆತದಲ್ಲಿ. ಮೂರನೆಯದು ಬಲಪಕ್ಕದ ಎರಡಂತಸ್ತಿನ ಪ್ರೇಕ್ಷಕಶಾಲೆಯ ಚಾವಣಿಯನ್ನೂ ದಾಟಿ ಮೈದಾನದ ಹೊರಗೆ ಬಿದ್ದಿತು. ಆ ಚಾವಣಿಯ ಮೇಲಿಂದ ಚೆಂಡನ್ನು ಹಾರಿಸಿದವರು ಅದಕ್ಕೆ ಮುನ್ನ ಯಾರೂ ಇರಲಿಲ್ಲ. ನಲವತ್ತು ದಾಟಿದ, ಓಡಲಾರದ, ಇನ್ನೇನು ಮುಗಿಯಿತೆಂದು ಎಲ್ಲರೂ ತಿಳಿದಿದ್ದ ಮನುಷ್ಯನು, ಯೌವನದ ದಾಂಡಿಗರಾರೂ ಮಾಡದುದನ್ನು ಅಂದು ಮಾಡಿ ತೋರಿಸಿದನು. ಆದರೂ ಬ್ರೇವ್ಸ್ ತಂಡವು 11ಕ್ಕೆ 7ರಂತೆ ಪಂದ್ಯವನ್ನು ಸೋತಿತು.

ಅದು ಆತನ 714ನೆಯ ಹೋಮ್ ರನ್, ಕಡೆಯದು. ಕಡೆಯ ಸಫಲ ಹೊಡೆತವೂ ಅದೇ. ಅಂದೇ ದಾಂಡನ್ನು ಕೆಳಗಿಟ್ಟಿದ್ದರೆ ಕವಿಗಳೂ ಕಲ್ಪಿಸಲಾರದ ಸಮಾಪ್ತಿಯಾಗುತ್ತಿದ್ದಿತು. ಆದರೆ ಮುಂದಿನ ಊರುಗಳಲ್ಲಿಯೂ ರೂತನ ಹೆಸರನ್ನು ನಂಬಿ ಚೀಟಿಗಳು ಮಾರಾಟವಾಗಬೇಕಾಗಿದ್ದಿತು. ಇನ್ನೂ ಐದು ದಿನ ಆತನು ತಂಡದೊಡನೆ ತಿರುಗಿದನು. ಮೇ 30ರಂದು ಫಿಲಡೆಲ್ಫಿಯಾದಲ್ಲಿ ಒಮ್ಮೆ ದಾಂಡನ್ನು ಬೀಸಿ ವಿಫಲನಾಗಿ, ಕಾಲುನೋವಿನಿಂದ ಮೈದಾನವನ್ನು ಬಿಟ್ಟು ಹೊರನಡೆದನು. ಜೂನ್ 2ರಂದು ತಂಡದೊಡನೆ ಆತನ ಸಂಬಂಧವು ಕಡಿದುಹೋಯಿತು. ಆ ವರ್ಷ ಬ್ರೇವ್ಸ್ ತಂಡವು 153 ಪಂದ್ಯಗಳಲ್ಲಿ 115ನ್ನು ಸೋತಿತು. ಫುಕ್ಸನೂ ವರ್ಷ ಮುಗಿಯುವುದರೊಳಗೆ ತಂಡವನ್ನು ಕಳೆದುಕೊಂಡನು. ರೂತನಿಗೆ ತಂಡದ ನಾಯಕತ್ವವು 1948ರಲ್ಲಿ ತೀರಿಕೊಳ್ಳುವವರೆಗೂ ಯಾರಿಂದಲೂ ದೊರೆಯಲಿಲ್ಲ.

ಆ ಕಡೆಯ ಲೆಕ್ಕವನ್ನು ಸಾವಧಾನವಾಗಿ ನೋಡಬೇಕು. 28 ಪಂದ್ಯಗಳು, 72 ಯತ್ನಗಳು, 13 ಸಫಲ ಹೊಡೆತಗಳು. ಸರಾಸರಿ ಸಾವಿರಕ್ಕೆ 181. ಜೀವಮಾನದ ಸರಾಸರಿ 342 ಇದ್ದವನಿಗೆ ಇದು ಪತನವೇ ಸರಿ. ಆದರೆ ಆ 13ರಲ್ಲಿ 6 ಹೋಮ್ ರನ್ನುಗಳು. 1927ರ ವೈಭವದ ವರ್ಷದಲ್ಲಿ 192 ಸಫಲ ಹೊಡೆತಗಳಿಗೆ 60. ಎಂದರೆ ಮೂರನೆಯ ಒಂದು ಪಾಲಿಗಿಂತ ಕಡಮೆ. 1935ರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು. ಇದಲ್ಲದೆ 20 ಸಲ ಉಚಿತ ನೆಲೆಯು ದೊರೆತಿದ್ದಿತು. ಸಣ್ಣ ಹೊಡೆತಗಳನ್ನು ಓಟದಿಂದ ಸಫಲಗೊಳಿಸುವ ಶಕ್ತಿಯು ಹೋಗಿದ್ದಿತು. ಬೇಗನೆ ಬರುವ ಚೆಂಡನ್ನು ಮತ್ತೆ ಮತ್ತೆ ಗುರುತಿಸುವ ಶಕ್ತಿಯು ಹೋಗಿದ್ದಿತು. ಚೆಂಡು ದಾಂಡಿಗೆ ಸಿಕ್ಕಿದ ಪಕ್ಷದಲ್ಲಿ ಅದು ಹಾರಿಹೋಗುವ ದೂರ ಮಾತ್ರ ಕುಂದಿರಲಿಲ್ಲ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗಂಟೆಗೆ 90 ಮೈಲಿ ವೇಗದ ಎಸೆತವು ದಾಂಡಿಗನನ್ನು ತಲಪಲು ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಸಾಕು. ಅಷ್ಟರಲ್ಲಿ ಕಣ್ಣು ನೋಡಬೇಕು, ಬುದ್ಧಿಯು ನಿಶ್ಚಯಿಸಬೇಕು, ಕೈಯು ಬೀಸಬೇಕು. ವಯಸ್ಸಾದಂತೆ ಮೊದಲೆರಡು ಕ್ರಿಯೆಗಳು ಕೂದಲೆಳೆಯಷ್ಟು ನಿಧಾನವಾದರೂ ಸಾಕು, ಕೈ ಬೀಸುವುದು ವ್ಯರ್ಥವಾಗುತ್ತದೆ. ವೃದ್ಧ ದಾಂಡಿಗನು ಇದನ್ನರಿತು ಎಲ್ಲ ಚೆಂಡುಗಳನ್ನೂ ಬೆನ್ನಟ್ಟುವುದನ್ನು ಬಿಡುತ್ತಾನೆ. ಎಸೆಗಾರನ ಮನಸ್ಸನ್ನು ಓದಿ, ತನಗೆ ಬೇಕಾದ ಒಂದೇ ಚೆಂಡಿಗಾಗಿ ಕಾಯುತ್ತಾನೆ. ಅದು ಬಂದರೆ ಹೋಮ್ ರನ್. ಬಾರದಿದ್ದರೆ ಉಚಿತ ನೆಲೆ, ಇಲ್ಲವೆ ಸೋಲು. ಬೇಸ್‌ಬಾಲಿನ ಲೆಕ್ಕಗಳನ್ನು ಪರಿಶೋಧಿಸಿ ಪ್ರಸಿದ್ಧನಾದ ಬಿಲ್ ಜೇಮ್ಸ್ ಎಂಬಾತನು ಹೋಮ್ ರನ್ನು, ಉಚಿತ ನೆಲೆ ಇವೆರಡನ್ನೂ ವೃದ್ಧ ಆಟಗಾರರ ವಿದ್ಯೆಗಳ ಸಾಲಿಗೆ ಸೇರಿಸಿದ್ದಾನೆ. ಇನ್ನೊಂದು ಮಾತನ್ನೂ ಮರೆಯಬಾರದು. ನಲವತ್ತರವರೆಗೆ ತಂಡದಲ್ಲಿ ಉಳಿಯುವವರೇ ಅಸಾಧಾರಣ ಬಲಶಾಲಿಗಳು. ಉಳಿದವರನ್ನು ಕಾಲವು ಅದಕ್ಕೆ ಮುನ್ನವೇ ಜರಡಿ ಹಿಡಿದು ತೆಗೆದಿರುತ್ತದೆ. ಆದುದರಿಂದ ಕಡೆಯ ವರ್ಷದ ಲೆಕ್ಕವನ್ನು ನೋಡಿ ಮುಪ್ಪಿನಲ್ಲಿ ಎಲ್ಲರ ಬಲವೂ ನಿಲ್ಲುವುದೆಂದು ಹೇಳಲಾಗದು.

ರೂತನ ಜೊತೆಗಾರನಾದ ಲೂ ಗೆರಿಗನ ಚರಿತ್ರೆಯು ಇದಕ್ಕೆ ವಿಪರೀತವಾದುದು. 2,130 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಆಡಿದ ಈತನು 1937ರಲ್ಲಿ 37, 1938ರಲ್ಲಿ 29 ಹೋಮ್ ರನ್ನುಗಳನ್ನು ಹೊಡೆದಿದ್ದನು. 1939ರ ವಸಂತದಲ್ಲಿ ಎಂಟು ಪಂದ್ಯಗಳಾಡಿ ನಾಲ್ಕೇ ಸಫಲ ಹೊಡೆತಗಳನ್ನು ಪಡೆದನು. ನಾಲ್ಕೂ ಒಂದೊಂದು ನೆಲೆಯ ಸಣ್ಣ ಹೊಡೆತಗಳು; ಹೋಮ್ ರನ್ ಒಂದೂ ಇಲ್ಲ. ಚೆಂಡು ದಾಂಡಿಗೆ ಸಿಕ್ಕಿದರೂ ದೂರ ಹೋಗುತ್ತಿರಲಿಲ್ಲ. ಮೇ 2ರಂದು ಡೆಟ್ರಾಯಿಟ್ ನಗರದಲ್ಲಿ ಆತನು ತಾನಾಗಿಯೇ ನಾಯಕನ ಬಳಿಗೆ ಹೋಗಿ, ತನ್ನನ್ನು ಇಂದು ಆಡಿಸಬೇಡವೆಂದನು. ಮಾಂಸಖಂಡಗಳನ್ನು ಆಳುವ ನರಗಳನ್ನೇ ತಿನ್ನುವ ಅಸಾಧ್ಯ ರೋಗವೆಂದು ವೈದ್ಯರು ಜೂನ್ ತಿಂಗಳಿನಲ್ಲಿ ನಿರ್ಣಯಿಸಿದರು. ಜುಲೈ 4ರಂದು ನಡೆದ ಬೀಳ್ಕೊಡುಗೆಯಲ್ಲಿ ರೂತನು ಬಂದು ಆತನನ್ನು ತಬ್ಬಿಕೊಂಡನು. 1941ರ ಜೂನ್ 2ರಂದು ಗೆರಿಗನು ತೀರಿಕೊಂಡನು. ಮುಪ್ಪು ತೋಳನ್ನು ಕಡೆಗೆ ಉಳಿಸಿಡುತ್ತದೆ. ರೋಗವು ತೋಳಿನಿಂದಲೇ ಆರಂಭಿಸಿದ್ದಿತು. ರೂತನಿಗಿಂತ ಹೆಚ್ಚು ಸ್ಪಷ್ಟವಾದ ಸೂಚನೆಯು ಗೆರಿಗನಿಗೆ ದೊರೆಯಿತು. ಅದನ್ನು ಆತನು ಕೂಡಲೇ ಒಪ್ಪಿಕೊಂಡನು.

ಫೋರ್ಬ್ಸ್ ಫೀಲ್ಡ್ ಮೈದಾನವೇ ಹನ್ನೆರಡು ವರ್ಷಗಳ ಬಳಿಕ ಇನ್ನೊಬ್ಬ ವೀರನ ಕಡೆಯ ವರ್ಷವನ್ನೂ ಕಂಡಿತು. ಹ್ಯಾಂಕ್ ಗ್ರೀನ್‌ಬರ್ಗ್ ಯೆಹೂದ್ಯ ಕುಲದವನು. 1938ರಲ್ಲಿ 58 ಹೋಮ್ ರನ್ನುಗಳನ್ನು ಹೊಡೆದವನು. ಎರಡನೆಯ ಮಹಾಯುದ್ಧದ ಸೇವೆಯಲ್ಲಿ ಸುಮಾರು ನಾಲ್ಕು ವರ್ಷಗಳ ಕಾಲವನ್ನು ಕಳೆದು ಮರಳಿ ಬಂದು, 1946ರಲ್ಲಿ 44 ಹೋಮ್ ರನ್ನುಗಳಿಂದ ತನ್ನ ಲೀಗಿನಲ್ಲಿ ಪ್ರಥಮನಾದನು. ಹಾಗಿದ್ದರೂ ಡೆಟ್ರಾಯಿಟ್ ತಂಡವು ಆತನನ್ನು 1947ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಬಿಟ್ಟುಕೊಟ್ಟಿತು. ಹೊಸ ಒಡೆಯರು ಆತನ ಅನುಕೂಲಕ್ಕಾಗಿ ಎಡಪಕ್ಕದ ಎಲ್ಲೆಯನ್ನು 30 ಅಡಿ ಒಳಕ್ಕೆ ತಂದರು. ಆ ಜಾಗವನ್ನು ಜನರು ಗ್ರೀನ್‌ಬರ್ಗನ ತೋಟವೆಂದು ಕರೆದರು. ಆ ವರ್ಷ ಆತನು ಹೊಡೆದದ್ದು 25 ಹೋಮ್ ರನ್ನುಗಳು. ಸರಾಸರಿಯು 249ಕ್ಕೆ ಇಳಿಯಿತು. ಸಫಲ ಹೊಡೆತಗಳು ನೂರು, ಉಚಿತ ನೆಲೆಗಳು ನೂರ ನಾಲ್ಕು. ಹೊಡೆದು ಪಡೆದುದಕ್ಕಿಂತ ಕಾದು ಪಡೆದುದೇ ಹೆಚ್ಚು!

ಆದರೆ ಗ್ರೀನ್‌ಬರ್ಗನ ಕಡೆಯ ವರ್ಷದ ಸಾರವು ಈ ಅಂಕೆಗಳಲ್ಲಿಲ್ಲ. ಅದೇ ತಂಡದಲ್ಲಿ ರಾಲ್ಫ್ ಕೈನರ್ ಎಂಬ ತರುಣನಿದ್ದನು. ಹಿಂದಿನ ವರ್ಷ 23 ಹೋಮ್ ರನ್ ಹೊಡೆದಿದ್ದವನು. ಗ್ರೀನ್‌ಬರ್ಗನು ಆತನನ್ನು ತನ್ನ ಜೊತೆಯಲ್ಲಿಯೇ ಇರಿಸಿಕೊಂಡು ಅಭ್ಯಾಸ ಮಾಡಿಸಿದನು. ಕೈನರನು ಆ ವರ್ಷ 51 ಹೋಮ್ ರನ್ನುಗಳನ್ನು ಹೊಡೆದನು. ಕರಿಯ ಜನಾಂಗದ ಜಾಕಿ ರಾಬಿನ್ಸನ್ ದೊಡ್ಡ ಲೀಗಿನೊಳಗೆ ಕಾಲಿಟ್ಟದ್ದೂ ಅದೇ ವರ್ಷ. ಎಲ್ಲೆಡೆಯೂ ಬೈಗುಳವನ್ನೇ ಕೇಳುತ್ತಿದ್ದ ರಾಬಿನ್ಸನನಿಗೆ ಮೈದಾನದ ಮೇಲೆಯೇ ಧೈರ್ಯದ ಮಾತು ಹೇಳಿದ ಎದುರಾಳಿಗಳಲ್ಲಿ ಗ್ರೀನ್‌ಬರ್ಗನೊಬ್ಬನು. ತಾನೂ ಕುಲದ ಹೆಸರಿನಲ್ಲಿ ಅಂತಹ ಮಾತುಗಳನ್ನು ಕೇಳಿ ಬಂದವನು. ವರ್ಷ ಮುಗಿಯುತ್ತಲೂ ದಾಂಡನ್ನು ಕೆಳಗಿಟ್ಟನು. ತನ್ನ ವಿದ್ಯೆಯನ್ನು ಇನ್ನೊಬ್ಬನ ಕೈಗಿತ್ತು ಹೊರಡುವ ಭಾಗ್ಯವು ಈ ವೀರರಲ್ಲಿ ಕೆಲವರಿಗಷ್ಟೇ ದೊರೆತಿದೆ.

ಈ ಚರಿತ್ರೆಯಲ್ಲಿ ಅತ್ಯಂತ ಪ್ರಖ್ಯಾತವಾದ ಕಡೆಯ ವರ್ಷವು ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸನದು. 1941ರಲ್ಲಿ ಸಾವಿರಕ್ಕೆ 406ರ ಸರಾಸರಿಯನ್ನು ಪಡೆದವನು; ಅಂದಿನಿಂದ ಇಂದಿನವರೆಗೆ ಆ ಎರಡು ಲೀಗುಗಳ ಆಟಗಾರರಾರೂ ಪೂರ್ಣ ವರ್ಷದ ಆಟದಲ್ಲಿ 400ನ್ನು ಮುಟ್ಟಿಲ್ಲ. ಮಹಾಯುದ್ಧ, ಕೊರಿಯಾ ಯುದ್ಧ ಎರಡರಲ್ಲಿಯೂ ವಿಮಾನ ನಡೆಸುವ ಸೇವೆಗಾಗಿ ತನ್ನ ಉತ್ತಮ ವರ್ಷಗಳಲ್ಲಿ ಸುಮಾರು ಐದನ್ನು ತೆತ್ತವನು. ಮುಂಗೋಪಿ, ಪತ್ರಿಕೆಯವರೊಡನೆ ಮುಗಿಯದ ಜಗಳ. ಯೌವನದಲ್ಲಿ ಒಮ್ಮೆ ಪ್ರೇಕ್ಷಕರು ಹೀಯಾಳಿಸಿದ ಮೇಲೆ, ಚಪ್ಪಾಳೆ ಹೊಡೆದವರಿಗೆ ಟೋಪಿ ಮುಟ್ಟಿ ವಂದಿಸುವ ವಾಡಿಕೆಯನ್ನೇ ಬಿಟ್ಟುಬಿಟ್ಟವನು.

1959ರಲ್ಲಿ ಕತ್ತಿನ ನರದ ನೋವಿನಿಂದ ಬಳಲಿ ಆತನ ಸರಾಸರಿಯು 254ಕ್ಕೆ ಬಿದ್ದಿತು. ಹೋಮ್ ರನ್ನುಗಳು ಹತ್ತೇ. ಜೀವಮಾನದಲ್ಲಿ ಮೊದಲ ಬಾರಿಗೆ ಸರಾಸರಿಯು 300ರ ಕೆಳಗಿಳಿದಿದ್ದಿತು. ಇನ್ನು ಸಾಕೆಂದು ಒಡೆಯನೇ ಸೂಚಿಸಿದನು. ವಿಲಿಯಮ್ಸನು ಒಪ್ಪಲಿಲ್ಲ. ಆದರೆ ಸಂಬಳಕ್ಕೆ ತಕ್ಕಂತೆ ಆಡಲಿಲ್ಲವಾದುದರಿಂದ ಅದನ್ನು ಕಡಮೆ ಮಾಡಬೇಕೆಂದು ತಾನೇ ಕೇಳಿ, ಇಳಿಸಿಕೊಂಡು ಮರಳಿ ಬಂದನು. 1960ರ ಮೊದಲ ಪಂದ್ಯದ ಮೊದಲ ಯತ್ನದಲ್ಲಿಯೇ ಹೋಮ್ ರನ್ನನ್ನು ಹೊಡೆದನು. ಜೂನ್ ತಿಂಗಳಿನಲ್ಲಿ 500ನ್ನು ಮುಟ್ಟಿದನು. ವರ್ಷದ ಕೊನೆಗೆ 310 ಯತ್ನಗಳಲ್ಲಿ 29 ಹೋಮ್ ರನ್ನುಗಳು, ಸರಾಸರಿ 316. ಹನ್ನೊಂದು ಯತ್ನಗಳಿಗೊಂದರಂತೆ ಚೆಂಡು ಗೋಡೆಯಾಚೆ ಬಿದ್ದಿದ್ದಿತು. ಪ್ರಖ್ಯಾತವಾದ 1941ರಲ್ಲಿಯೂ ಹನ್ನೆರಡಕ್ಕೊಂದಕ್ಕಿಂತ ಹೆಚ್ಚಾಗಿರಲಿಲ್ಲ. ನಲವತ್ತೆರಡರ ವಿಲಿಯಮ್ಸನು ಇಪ್ಪತ್ತಮೂರರ ವಿಲಿಯಮ್ಸನನ್ನು ಈ ಒಂದು ಅಳತೆಯಲ್ಲಿ ಮೀರಿದ್ದನು.

1960ರ ಸೆಪ್ಟೆಂಬರ್ 28, ಬುಧವಾರ. ಚಳಿಯ, ಮೋಡ ಕವಿದ ದಿನ. ಫೆನ್ವೇ ಪಾರ್ಕ್ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಜನರು ಮಾತ್ರ ಸೇರಿದ್ದರು. ತಂಡವು ಪಟ್ಟಿಯ ಕೆಳಭಾಗದಲ್ಲಿದ್ದಿತು. ಪಂದ್ಯದ ಫಲದಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ವಿಲಿಯಮ್ಸನಿಗೆ ಮೊದಲು ಉಚಿತ ನೆಲೆ ದೊರೆಯಿತು. ಅನಂತರ ಎರಡು ಸಲ ಎತ್ತರಕ್ಕೆ ಹೊಡೆದ ಚೆಂಡು ಗೋಡೆಯೊಳಗೇ ಹಿಡಿಯಲ್ಪಟ್ಟಿತು. ಎಂಟನೆಯ ಸರದಿಯಲ್ಲಿ ಕಡೆಯ ಬಾರಿಗೆ ನಿಂತನು. ಎದುರಿಗೆ ಬಾಲ್ಟಿಮೋರ್ ತಂಡದ ಜ್ಯಾಕ್ ಫಿಷರ್, ಇಪ್ಪತ್ತೊಂದರ ಹುಡುಗ. ಮೊದಲನೆಯ ಎಸೆತವು ಗುರಿತಪ್ಪಿತು. ಎರಡನೆಯದಕ್ಕೆ ವಿಲಿಯಮ್ಸನು ಬೀಸಿ ತಪ್ಪಿದನು. ಮೂರನೆಯದು ಬಲಪಕ್ಕದ ಗೋಡೆಯಾಚೆಗೆ ಹೋಯಿತು. ಅದು 521ನೆಯದು. ಜನರು ಎದ್ದು ನಿಂತು ಕೂಗಿದರು. ಆತನು ತಲೆ ತಗ್ಗಿಸಿಕೊಂಡು ನಾಲ್ಕು ನೆಲೆಗಳನ್ನೂ ಸುತ್ತಿ ಒಳಗೆ ಹೋದನು. ಟೋಪಿಯನ್ನು ಮುಟ್ಟಲಿಲ್ಲ. ಮುಂದಿನ ಸರದಿಗೆ ಆತನನ್ನು ಮೈದಾನಕ್ಕೆ ಕಳುಹಿಸಿ, ಜನರ ಜಯಘೋಷದ ನಡುವೆ ಹಿಂದಕ್ಕೆ ಕರೆದರು, ಆಗಲೂ ಮುಟ್ಟಲಿಲ್ಲ. ನ್ಯೂಯಾರ್ಕಿನಲ್ಲಿ ಇನ್ನೂ ಮೂರು ಪಂದ್ಯಗಳು ಉಳಿದಿದ್ದವು. ಆತನು ಅಲ್ಲಿಗೆ ಹೋಗಲಿಲ್ಲ.

ರೂತನಿಗೂ ವಿಲಿಯಮ್ಸನಿಗೂ ಇರುವ ಅಂತರವು ಇಲ್ಲಿದೆ. ಇಬ್ಬರ ತೋಳಿನಲ್ಲಿಯೂ ಕಡೆಯವರೆಗೆ ಬಲವಿದ್ದಿತು. ಪಿಟ್ಸ್‌ಬರ್ಗಿನ ಹೊಡೆತವು ಬಾಸ್ಟನ್ನಿನ ಹೊಡೆತಕ್ಕಿಂತ ದೂರವೇ ಹೋದೀತು. ಆದರೆ ವಿಲಿಯಮ್ಸನು ಯಾವ ದಿನ ಹೊರಡಬೇಕೆಂಬುದನ್ನು ತಾನೇ ಇಟ್ಟುಕೊಂಡಿದ್ದನು. ರೂತನ ದಿನಗಳು ಇನ್ನೊಬ್ಬನ ಚೀಟಿಮಾರಾಟಕ್ಕೆ ಒತ್ತೆಯಾಗಿದ್ದವು.

1973ರಲ್ಲಿ ಅಮೆರಿಕನ್ ಲೀಗಿನವರು ಹೊಸ ನಿಯಮವೊಂದನ್ನು ತಂದರು. ಎಸೆಗಾರನಿಗೆ ಬದಲಾಗಿ, ಮೈದಾನದಲ್ಲಿ ಚೆಂಡು ಹಿಡಿಯುವ ಹೊಣೆಯಿಲ್ಲದೆ ದಾಂಡನ್ನು ಮಾತ್ರ ಬೀಸುವ ಒಬ್ಬನನ್ನು ಇಟ್ಟುಕೊಳ್ಳಬಹುದೆಂದಾಯಿತು. ಕಾಲು ಹೋಗಿ ತೋಳು ಉಳಿದವರಿಗೆ ಇದೊಂದು ವರವಾಯಿತು. ರೂತನ 714ನ್ನು 1974ರ ಏಪ್ರಿಲ್ 8ರಂದು ದಾಟಿದ ಹ್ಯಾಂಕ್ ಆರನನು ಇದರ ಪ್ರಯೋಜನವನ್ನು ಪಡೆದವರಲ್ಲೊಬ್ಬನು. ಕರಿಯನೊಬ್ಬನು ರೂತನನ್ನು ಮೀರಬಾರದೆಂದು ಆತನಿಗೆ ಕೊಲೆಯ ಬೆದರಿಕೆಯ ಪತ್ರಗಳು ರಾಶಿರಾಶಿಯಾಗಿ ಬಂದಿದ್ದವು. ಆ ದಾಖಲೆಯ ಬಳಿಕ ಆತನು ತಾನು 1954ರಲ್ಲಿ ಆಟವನ್ನಾರಂಭಿಸಿದ ಮಿಲ್ವಾಕೀ ನಗರಕ್ಕೆ ಮರಳಿ ಎರಡು ವರ್ಷ ಆಡಿದನು. 1975ರಲ್ಲಿ 12, 1976ರಲ್ಲಿ 10 ಹೋಮ್ ರನ್ನುಗಳು; ಸರಾಸರಿಯು 230ರ ಆಸುಪಾಸು. 1976ರ ಜುಲೈ 20ರಂದು 755ನೆಯದು ಬಂದಿತು. ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿಗಿಂತ ಹೆಚ್ಚು ಕಾಲವಿದ್ದಿತು. ಇನ್ನೊಂದು ಹೋಮ್ ರನ್ ಬರಲಿಲ್ಲ. ಅಂದಿನ ಚೆಂಡೇ ಕಡೆಯದೆಂದು ಆ ದಿನ ಮೈದಾನದಲ್ಲಿದ್ದವರಾರಿಗೂ ತಿಳಿದಿರಲಿಲ್ಲ.

ಬಲವೊಂದೇ ಉಳಿದರೆ ಸಾಲದೆಂಬುದಕ್ಕೆ ಡೇವ್ ಕಿಂಗ್‌ಮನ್ ಎಂಬುವನು ಸಾಕ್ಷಿ. 1986ರಲ್ಲಿ ಆತನು 35 ಹೋಮ್ ರನ್ನುಗಳನ್ನು ಹೊಡೆದನು, ಸರಾಸರಿಯು 210. ಮರುವರ್ಷ ದೊಡ್ಡ ಲೀಗುಗಳ ಬಾಗಿಲು ಆತನಿಗೆ ತೆರೆಯಲಿಲ್ಲ. ಇದಕ್ಕೆ ಪ್ರತಿಯಾಗಿ ಫಿಲಡೆಲ್ಫಿಯಾದ ಮೈಕ್ ಶ್ಮಿಟ್ ಎಂಬಾತನನ್ನು ನೋಡಬಹುದು. 1987ರಲ್ಲಿ 35 ಹೋಮ್ ರನ್ ಹೊಡೆದಿದ್ದವನು, 1989ರಲ್ಲಿ 42 ಪಂದ್ಯಗಳಾಡಿ ಸರಾಸರಿಯು 203ಕ್ಕೆ ಇಳಿದಾಗ, ವರ್ಷದ ನಡುವೆಯೇ ಮೇ 29ರಂದು ಪತ್ರಿಕೆಯವರ ಮುಂದೆ ಕುಳಿತು ನಿವೃತ್ತಿಯನ್ನು ಹೇಳಿದನು. ಹೇಳುತ್ತ ಹೇಳುತ್ತ ಅತ್ತುಬಿಟ್ಟನು. ಸಂಬಳವನ್ನು ವರ್ಷದ ಕೊನೆಯವರೆಗೆ ಪಡೆಯುವುದು ಆತನಿಗೆ ಅಸಾಧ್ಯವೇನಾಗಿರಲಿಲ್ಲ. ಜಪಾನಿನ ಸದಹರು ಓ ಕೂಡ 1980ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, 30 ಹೋಮ್ ರನ್ನುಗಳನ್ನು ಹೊಡೆದಿದ್ದಾಗಲೇ ಆಟವನ್ನು ಬಿಟ್ಟನು. ಒಟ್ಟು ಲೆಕ್ಕವು 868 ಆಗಿದ್ದಿತು. ಸರಾಸರಿಯು 236ಕ್ಕೆ ಇಳಿದಿದ್ದಿತು. 30 ಎಂಬ ಅಂಕೆಯು ಇನ್ನೂ ಆಡೆನ್ನುತ್ತಿದ್ದಿತು, 236 ಎಂಬುದು ಸಾಕೆನ್ನುತ್ತಿದ್ದಿತು. ಆತನು ಎರಡನೆಯದರ ಮಾತನ್ನು ಕೇಳಿದನು.

ಆರನನ 755ನ್ನು 2007ರ ಆಗಸ್ಟ್ 7ರಂದು ಬ್ಯಾರಿ ಬಾಂಡ್ಸ್ ದಾಟಿದನು. ಅದು ಆತನ ಕಡೆಯ ವರ್ಷ. 43 ವರ್ಷ ತುಂಬಿದ್ದಿತು. 28 ಹೋಮ್ ರನ್ನುಗಳು, 132 ಉಚಿತ ನೆಲೆಗಳು, ಒಟ್ಟು 762. ಇಷ್ಟಿದ್ದರೂ ಮರುವರ್ಷ ಆತನನ್ನು ಯಾವ ತಂಡವೂ ಕರೆಯಲಿಲ್ಲ. ಬಲವನ್ನು ಕೃತಕವಾಗಿ ಹೆಚ್ಚಿಸುವ ಔಷಧಗಳ ವಿವಾದವು ಆಗ ಆಟವನ್ನೆಲ್ಲ ಮುಸುಕಿದ್ದಿತು. ತಿಳಿದೂ ಅಂತಹವನ್ನು ಸೇವಿಸಲಿಲ್ಲವೆಂದು ಬಾಂಡ್ಸನು ಹೇಳಿದನು, ಅನೇಕರು ನಂಬಲಿಲ್ಲ. ಆ ಕಾಲದಿಂದ ವೃದ್ಧ ದಾಂಡಿಗನ ಹೊಡೆತವು ದೂರ ಹೋದಾಗ ಆಶ್ಚರ್ಯದ ಜೊತೆಗೆ ಸಂಶಯವೂ ಏಳುವಂತಾಯಿತು.

ಈಚಿನ ಎರಡು ಉದಾಹರಣೆಗಳು ಸಂತೋಷಕರವಾದವು. ಡೇವಿಡ್ ಆರ್ಟಿಸನು ತನ್ನ ನಲವತ್ತನೆಯ ಹುಟ್ಟುಹಬ್ಬದಂದು, ಮುಂದಿನ ವರ್ಷವೇ ಕಡೆಯದೆಂದು ಸಾರಿ, 2016ರಲ್ಲಿ 38 ಹೋಮ್ ರನ್ನುಗಳನ್ನು ಹೊಡೆದನು, ಸರಾಸರಿಯು 315. ಕಡೆಯ ವರ್ಷದ ಹೋಮ್ ರನ್ನುಗಳಲ್ಲಿ ಇದು ಕಿಂಗ್‌ಮನ್ನನ ಲೆಕ್ಕವನ್ನೂ ಮೀರಿತು. ಆಲ್ಬರ್ಟ್ ಪೂಹೋಲ್ಸನನ್ನು 2021ರಲ್ಲಿ ಒಂದು ತಂಡವು ಬೇಡವೆಂದು ಬಿಟ್ಟಿದ್ದಿತು. ಆತನು 2022ರಲ್ಲಿ ತನ್ನ ಮೊದಲ ತಂಡವಾದ ಸೇಂಟ್ ಲೂಯಿಸ್ ಕಾರ್ಡಿನಲ್ಸಿಗೆ ಮರಳಿದನು. ದಾಂಡನ್ನು ಮಾತ್ರ ಬೀಸುವವನನ್ನು ಇಟ್ಟುಕೊಳ್ಳುವ ನಿಯಮವು ಆ ಲೀಗಿಗೂ ಅದೇ ವರ್ಷ ಸ್ಥಿರವಾಗಿ ಬಂದಿದ್ದಿತು. 42ರ ವಯಸ್ಸಿನಲ್ಲಿ 24 ಹೋಮ್ ರನ್ನುಗಳು, ಸೆಪ್ಟೆಂಬರ್ 23ರಂದು 700ನೆಯದು, ಒಟ್ಟು 703. ಇಬ್ಬರೂ ಹೊರಡುವ ವರ್ಷವನ್ನು ಮೊದಲೇ ಗೊತ್ತುಮಾಡಿಕೊಂಡು ಆಡಿದವರೆಂಬುದು ಗಮನಾರ್ಹವಾಗಿದೆ.

ಟೆಡ್ ವಿಲಿಯಮ್ಸನು 1991ರ ಮೇ ತಿಂಗಳಿನಲ್ಲಿ ಫೆನ್ವೇ ಪಾರ್ಕಿಗೆ ಮತ್ತೆ ಬಂದನು. ವಯಸ್ಸು 72. ತನ್ನ ಗೌರವಾರ್ಥವಾಗಿ ನಡೆದ ಸಮಾರಂಭದಲ್ಲಿ ಮಾತನಾಡುತ್ತ, ಜೇಬಿನಿಂದ ಒಂದು ಟೋಪಿಯನ್ನು ತೆಗೆದು ತಲೆಗಿಟ್ಟುಕೊಂಡು, ಬಾಸ್ಟನ್ನಿನ ಜನರ ಕಡೆಗೆ ಅದನ್ನೆತ್ತಿ ವಂದಿಸಿದನು. ಹೋಮ್ ರನ್ನಿನ ದಿನ ಆಗದೆ ಹೋದದ್ದು, ತೋಳಿನ ಬಲವೆಲ್ಲ ಹೋದ ಮೂವತ್ತು ವರ್ಷಗಳ ಮೇಲೆ ಆಯಿತು.

ಮೌಸಲಪರ್ವದ ಕಥೆಗೆ ಮುಂದಿನ ಪರ್ವದಲ್ಲಿ ಒಂದು ಶೇಷವುಂಟು. ಕಳ್ಳರೆದುರು ಸೋತು ಬಂದ ಅರ್ಜುನನಿಗೆ ವ್ಯಾಸರು, ಅಸ್ತ್ರಗಳ ಕಾರ್ಯವು ಮುಗಿದುದೆಂದು ಸ್ಪಷ್ಟವಾಗಿ ಹೇಳಿದ್ದರು. ಆದರೂ ಮಹಾಪ್ರಸ್ಥಾನಕ್ಕೆ ಹೊರಟಾಗ, ರಾಜ್ಯವನ್ನೂ ಆಭರಣಗಳನ್ನೂ ಬಿಟ್ಟವನು ಗಾಂಡೀವವನ್ನು ಬಿಡಲಿಲ್ಲ. ರತ್ನದಂತಹ ಆ ಬಿಲ್ಲಿನ ಮೇಲಣ ಆಸೆಯಿಂದ ಅದನ್ನು ಹೊತ್ತುಕೊಂಡೇ ನಡೆದನು. ಕಡೆಗೆ ಅಗ್ನಿದೇವನು ದಾರಿಗೆ ಅಡ್ಡಲಾಗಿ ನಿಂತು, ಇದನ್ನು ವರುಣನಿಗೆ ಹಿಂದಿರುಗಿಸೆಂದು ಕೇಳಬೇಕಾಯಿತು. ಆಗ ಅದನ್ನು ನೀರಿಗೆ ಬಿಟ್ಟನು. ದಾಂಡನ್ನು ಹಿಡಿದವರ ದಾರಿಗೆ ಹಾಗೆ ಬಂದು ನಿಲ್ಲುವ ದೇವರಿಲ್ಲ. ಇಪ್ಪತ್ತು ವರ್ಷ ಕೈಯಲ್ಲಿದ್ದುದನ್ನು ಎಂದು ಕೆಳಗಿಡಬೇಕೆಂಬುದನ್ನು, ಇನ್ನೂ ಬಲ ತುಂಬಿರುವ ತೋಳಿನ ಮಾತನ್ನು ಮೀರಿ, ಅವರೇ ಅರಿತುಕೊಳ್ಳಬೇಕಾಗಿದೆ.